ಸಂತೆಗೆ ಬರುವುದು ಎಲೆ, ಪುಸ್ತಕ ಕೇಳುವುದು ಹೂವು

ದಸರೆಯ ಹಿಂದಿನ ಸಂಜೆ ದಾದರ್ ಪಶ್ಚಿಮದಲ್ಲಿ ಇಳಿದರೆ ಹೂವಿನ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಚೆಂಡುಹೂವಿನ ರಾಶಿ, ಭತ್ತದ ತೆನೆ, ಮಾವಿನೆಲೆಯ ತೋರಣ. ಅವುಗಳ ಸಂದಿಯಲ್ಲಿ ಗೋಣಿತಾಟಿನ ಮೇಲೆ ಹಸಿರೆಲೆಯ ಸಿವುಡುಗಳು. ದನದ ಗೊರಸಿನ ಹಾಗೆ ತುದಿಯಲ್ಲಿ ಎರಡಾಗಿ ಸೀಳಿದ ಎಲೆ. ಮಹಾರಾಷ್ಟ್ರದವರಿಗೆ ಇದು ಆಪ್ಟಾ, ದಸರೆಯ ದಿನದ ಚಿನ್ನ. "ಸೋನಂ ಘ್ಯಾ, ಸೋನ್ಯಾಸಾರಖಂ ರಾಹಾ" ಎಂದು ಕೈಗಿಡುತ್ತಾರೆ. ನಮ್ಮ ಬಿಜಾಪುರ ಸೀಮೆಯವರು "ಬನ್ನಿ ತಗೊಂಡು ಬಂಗಾರದ್ಹಂಗ ಇರೋಣು" ಅನ್ನುವುದೂ ಇದನ್ನೇ.

ಮಾತು ಒಂದೇ, ಎಲೆ ಬೇರೆ. ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಇಂಡಿ ಕಡೆಯಿಂದ ಬಂದು ಮಗನ ಮನೆಯಲ್ಲಿರುವ ಅಜ್ಜಿಯೊಬ್ಬರಿದ್ದಾರೆ. ನಾನು ಕೊಟ್ಟ ಎಲೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ಇದೆಲ್ಲಿ ಬನ್ನಿ ತಂಗಿ? ಬನ್ನಿ ಎಲಿ ಅಂದ್ರ ಸಣ್ಣದು, ಹುಣಸಿ ಎಲಿ ಇದ್ದಂಗ. ಇದು ಬಸವನಪಾದ ಐತಿ" ಅಂದರು. ಆಮೇಲೆ ಎಲೆಯನ್ನು ಕಣ್ಣಿಗೊತ್ತಿಕೊಂಡು ದೇವರ ಮುಂದಿಟ್ಟರು. ಹಬ್ಬದ ದಿನ ವಾದ ಯಾಕೆ ಎಂಬ ಲೆಕ್ಕ.

ಅಜ್ಜಿ ಹೇಳಿದ್ದು ಸರಿ, ಅದರ ಮೇಲೆ ಇನ್ನೊಂದು ತಪ್ಪೂ ಸೇರಿತ್ತು. ಬನ್ನಿ ಎಂದರೆ ಪ್ರೊಸೋಪಿಸ್ ಸಿನೆರೇರಿಯಾ. ಆಪ್ಟಾ ಎಂದರೆ ಬೌಹಿನಿಯಾ ರೆಸಿಮೋಸಾ. ನಾನು ದುಡ್ಡು ಕೊಟ್ಟು ತಂದಿದ್ದು ಎರಡೂ ಅಲ್ಲ, ರಸ್ತೆಬದಿಯ ಕಾಂಚನ, ಅಂದರೆ ಬೌಹಿನಿಯಾ ಪರ್ಪ್ಯೂರಿಯಾ. ಆಪ್ಟಾದ ಎಲೆ ಚಿಕ್ಕದು, ಉದ್ದಕ್ಕಿಂತ ಅಗಲ ಜಾಸ್ತಿ, ಮುಟ್ಟಿದರೆ ದಪ್ಪ, ಹಿಂಬದಿಗೆ ಬೂದಿ ಬಣ್ಣದ ನವಿರು ರೋಮ. ನನ್ನ ಕೈಲಿದ್ದದ್ದು ಅಂಗೈಯಗಲದ್ದು, ಅರ್ಧದ ತನಕ ಸೀಳಿದ್ದು, ನುಣುಪು. ಹೂವಿದ್ದಿದ್ದರೆ ಒಂದು ನಿಮಿಷದಲ್ಲಿ ತೀರ್ಮಾನವಾಗುತ್ತಿತ್ತು: ಫಲವಂತ ಕೇಸರಗಳು, ಅಂದರೆ ಪರಾಗ ಬಿಡುವ ಗಂಡು ಎಳೆಗಳು, ಪರ್ಪ್ಯೂರಿಯಾದಲ್ಲಿ 3, ಅದರ ಅಕ್ಕ ವೇರಿಗೇಟಾದಲ್ಲಿ 5, ಆಪ್ಟಾದಲ್ಲಿ 10. ಆದರೆ ದಾದರ್‌ನಲ್ಲಿ ಆಪ್ಟಾದ ಹೂವನ್ನು ಯಾರು ಮಾರುತ್ತಾರೆ?

ತೊಡಕು ಇರುವುದು ಇಲ್ಲೇ. ಸಸ್ಯ ವರ್ಗೀಕರಣದ ಪುಸ್ತಕಗಳು ಹೂವನ್ನು ಕೇಳುತ್ತವೆ. ಸಂತೆಗೆ, ಗ್ರಂಥಿಗೆ ಅಂಗಡಿಗೆ, ಅಡುಗೆಮನೆಗೆ, ಆಯುರ್ವೇದದ ಪುಡಿ ಡಬ್ಬಿಗೆ ಬರುವುದು ಎಲೆ. ಎಲೆಯನ್ನು ಒಳಗಿನಿಂದ, ಅಂದರೆ ಮೈಕ್ರೋಸ್ಕೋಪಿನಡಿ ಇಟ್ಟು ಓದುವ ವಿದ್ಯೆ ನೂರು ವರ್ಷಕ್ಕಿಂತ ಹಳೆಯದು. ಅದು ಅಗ್ಗ, ಕಲಿಯಲು ಒಂದೆರಡು ವಾರ ಸಾಕು, ಇವತ್ತಿನ ಕಲಬೆರಕೆಯ ದಿನಗಳಲ್ಲಿ ಬೇಕಾಗಿರುವುದೂ ಅದೇ. ಆದರೂ ಅದನ್ನು ನಾವು ಪರೀಕ್ಷೆಗೆ ಚಿತ್ರ ಬಿಡಿಸುವ ಕೆಲಸವಾಗಿ ಇಳಿಸಿಟ್ಟಿದ್ದೇವೆ. ಈ ಲೇಖನದ ತಕರಾರು ಇಷ್ಟು.

ಹೂವಿಗೇ ಪಟ್ಟ ಕಟ್ಟಿದ್ದು ಸುಮ್ಮನೆ ಅಲ್ಲ. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಗಿಡಗಳನ್ನು ಕೇಸರ, ಶಲಾಕೆ (ಹೂವಿನ ಹೆಣ್ಣು ಭಾಗ) ಇವುಗಳ ಎಣಿಕೆಯ ಮೇಲೆ ವಿಂಗಡಿಸಿದ. 1862ರಿಂದ 1883ರ ತನಕ ಇಂಗ್ಲೆಂಡಿನ ಬೆಂಥಮ್ ಮತ್ತು ಹೂಕರ್ ಕಟ್ಟಿದ ಪದ್ಧತಿಯಲ್ಲೂ ಹೂವಿನ ದಳ, ಅಂಡಾಶಯಗಳದೇ ದರಬಾರು. ಗಿಡಗಳನ್ನು ಒಣಗಿಸಿ ಕಾಗದಕ್ಕಂಟಿಸಿ ಕಾಪಾಡುವ ಭಾರತದ ಹರ್ಬೇರಿಯಂಗಳ ಬೀರುಗಳು ಬಹುಪಾಲು ಅದೇ ಕ್ರಮದಲ್ಲಿ ಜೋಡಣೆಯಾದವು. ಪುಣೆಯ ವಿಜ್ಞಾನ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಥಿಯೊಡೋರ್ ಕುಕ್ 1901ರಿಂದ 1908ರವರೆಗೆ ಹೊರತಂದ ಬಾಂಬೆ ಪ್ರೆಸಿಡೆನ್ಸಿಯ ಸಸ್ಯಕೋಶವೂ ಆ ದಾರಿಯದ್ದೇ. ಆಗ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಎಲ್ಲ ಬಾಂಬೆಯ ಕೆಳಗಿದ್ದವಲ್ಲ, ಹಾಗಾಗಿ ಧಾರವಾಡದ ಕರೆಮ್ಮನ ಗುಡ್ಡದ ಒಂದು ಗಿಡದ ಹೆಸರು ಬೇಕಾದರೂ ಕೈ ಹೋಗುವುದು ನಿವೃತ್ತಿಯ ಮೇಲೆ ಇಂಗ್ಲೆಂಡಿನ ಕ್ಯೂನಲ್ಲಿ ಕೂತು ಬರೆದ ಆ ಪುಸ್ತಕಕ್ಕೆ.

ಹೂವು ಹಟಮಾರಿ. ಮಳೆ ಹೆಚ್ಚಾಗಲಿ ಕಡಿಮೆಯಾಗಲಿ, ಕಾಂಚನದ ಕೇಸರ ಮೂರಿದ್ದದ್ದು ನಾಲ್ಕಾಗುವುದು ಅಪರೂಪ. ಎಲೆಯದು ಹೊಂದಿಕೊಳ್ಳುವ ಸ್ವಭಾವ. ನೆರಳಲ್ಲಿ ಅಗಲವಾಗುತ್ತದೆ, ಬಿಸಿಲಲ್ಲಿ ದಪ್ಪವಾಗುತ್ತದೆ, ಕಡಿದ ಬುಡದಿಂದ ಚಿಗುರಿದರೆ ಗುರುತೇ ಸಿಗದಷ್ಟು ದೊಡ್ಡದಾಗುತ್ತದೆ. ಹೊರ ಆಕಾರವನ್ನು ನಂಬಿ ಗಿಡದ ಕುಟುಂಬ ಹೇಳಲು ಹೋದವರು ಬಿದ್ದದ್ದೇ ಹೆಚ್ಚು. ಬನ್ನಿ ಮತ್ತು ಬಳ್ಳಾರಿ ಜಾಲಿಯ ಎಲೆ ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಎರಡನ್ನೂ ಪ್ರೊಸೋಪಿಸ್ ಎಂದೇ ಕರೆಯುತ್ತಿದ್ದರು. 2022ರಲ್ಲಿ ಆ ಜಾತಿಯನ್ನು ಒಡೆದು ಬಳ್ಳಾರಿ ಜಾಲಿಯನ್ನು ನೆಲ್ಟುಮಾ ಎಂಬ ಬೇರೆ ಮನೆಗೆ ಕಳಿಸಿದರು, ಬನ್ನಿ ಹಳೆಯ ಹೆಸರಲ್ಲೇ ಉಳಿಯಿತು. ಅಜ್ಜಿಗೆ ಹೇಳಿದಾಗ ಅವರಿಗೆ ಅಚ್ಚರಿಯೇನೂ ಆಗಲಿಲ್ಲ. "ಜಾಲಿ ಎಲ್ಲಿ, ಬನ್ನಿ ಎಲ್ಲಿ" ಅಂದರು.

ಎಲೆಯ ಹೊರಗು ಹೀಗೆ ಆಡುತ್ತದೆ ಸರಿ, ಒಳಗು?

ನೀವೇ ನೋಡಬಹುದು. ಸೊಸೈಟಿ ಕಾಂಪೌಂಡಿನಲ್ಲಿ ಕೆಮ್ಮಿಗೆಂದು ಯಾರಾದರೂ ಆಡುಸೋಗೆ ನೆಟ್ಟೇ ನೆಟ್ಟಿರುತ್ತಾರೆ, ಮರಾಠಿಯ ಅಡುಳಸಾ. ಒಂದೆಲೆ ಕಿತ್ತು ಹಿಂಬದಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳ್ಳಗೆ ಬಳಿದು ಫ್ಯಾನ್ ಕೆಳಗೆ ಹತ್ತು ನಿಮಿಷ ಬಿಡಿ. ಒಣಗಿದ ಮೇಲೆ ಪಾರದರ್ಶಕ ಟೇಪು ಒತ್ತಿ ಎಳೆದರೆ ಎಲೆಯ ಚರ್ಮದ ಅಚ್ಚು ಟೇಪಿಗೆ ಬರುತ್ತದೆ. ಅದನ್ನು ಗಾಜಿನ ಸ್ಲೈಡಿಗಂಟಿಸಿ ನೋಡಬೇಕು. ಕಾಲೇಜಿನ ಮೈಕ್ರೋಸ್ಕೋಪು ಬೇಕೆಂದಿಲ್ಲ. ಮನು ಪ್ರಕಾಶ್ ಅವರ ತಂಡ 2014ರಲ್ಲಿ ತೋರಿಸಿದ ಕಾಗದದ ಫೋಲ್ಡ್‌ಸ್ಕೋಪ್ ಸುಮಾರು 140 ಪಟ್ಟು ದೊಡ್ಡದು ಮಾಡುತ್ತದೆ, ಇದಕ್ಕೆ ಅಷ್ಟು ಸಾಕು. ಮೊದಲು ಕಾಣುವುದು ಕಲ್ಲು ಹಾಸಿದ ಅಂಗಳದಂಥ ಕೋಶಗಳು. ಅವುಗಳ ನಡುವೆ ಎರಡು ಅವರೆಕಾಳು ಎದುರುಬದುರು ಇಟ್ಟ ಹಾಗೆ ಕಾವಲು ಕೋಶಗಳು, ನಡುವೆ ಸೀಳು. ಅದೇ ಪತ್ರರಂಧ್ರ, ಎಲೆಯ ಮೂಗು. ಕುಟುಂಬದ ಗುರುತು ಆ ಮೂಗಿನಲ್ಲಿಲ್ಲ, ಅದರ ಸುತ್ತ ಕೂತವರಲ್ಲಿದೆ. ಆಡುಸೋಗೆಯಲ್ಲಿ ಎರಡು ಸಹಾಯಕ ಕೋಶಗಳು ರಂಧ್ರಕ್ಕೆ ಅಡ್ಡಲಾಗಿ, ಪಲ್ಲಕ್ಕಿಯ ಮುಂದೊಬ್ಬ ಹಿಂದೊಬ್ಬ ಹೊತ್ತ ಹಾಗೆ ನಿಂತಿರುತ್ತವೆ. ಕಾಫಿ ಎಲೆಯಲ್ಲಿ ಅವೇ ಎರಡು ಕೋಶಗಳು ರಂಧ್ರಕ್ಕೆ ಸಮಾನಾಂತರವಾಗಿ ಅಕ್ಕಪಕ್ಕ ಮಲಗಿರುತ್ತವೆ. ಸಾಸಿವೆಯಲ್ಲೂ ಬದನೆ, ಧತ್ತೂರಿಯ ಬಳಗದಲ್ಲೂ ಮೂರು ಕೋಶ, ಅದರಲ್ಲೊಂದು ಚಿಕ್ಕದು. ಇನ್ನು ಕೆಲವದರಲ್ಲಿ ಸುತ್ತಲಿನ ಕೋಶಕ್ಕೂ ಉಳಿದವಕ್ಕೂ ವ್ಯತ್ಯಾಸವೇ ಇಲ್ಲ. 19ನೇ ಶತಮಾನದ ಕೊನೆಗೆ ಫ್ರಾನ್ಸಿನ ಜೂಲಿಯನ್ ವೆಸ್ಕ್ ಈ ನಾಲ್ಕು ಬಗೆಗೆ ಕುಟುಂಬಗಳ ಹೆಸರನ್ನೇ ಇಟ್ಟಿದ್ದ. ಒಂದು ಬಗೆ ಒಂದೇ ಕುಟುಂಬದ ಸೊತ್ತಲ್ಲ ಎಂದು ತಿಳಿದ ಮೇಲೆ, 1950ರಲ್ಲಿ ಮೆಟ್ಕಾಫ್ ಮತ್ತು ಚಾಕ್ ತಮ್ಮ ಎರಡು ಸಂಪುಟಗಳ ದ್ವಿದಳ ಸಸ್ಯಗಳ ಅಂಗರಚನೆಯ ಪುಸ್ತಕದಲ್ಲಿ ಹೆಸರು ಬದಲಿಸಿದರು.

ಒಂದು ಗುರುತಿನಿಂದ ತೀರ್ಪು ಕೊಡಬಾರದು ಎಂಬುದಕ್ಕೂ ಆಡುಸೋಗೆಯೇ ಸಾಕ್ಷಿ. ತುಳಸಿಯ ಎಲೆಯಲ್ಲೂ ಇದೇ ಪಲ್ಲಕ್ಕಿ ಜೋಡಣೆ ಇದೆ. ತುಳಸಿಯ ಕುಟುಂಬ, ಆಡುಸೋಗೆಯ ಕುಟುಂಬ ಎರಡರಲ್ಲೂ ಎಲೆಗಳು ಎದುರುಬದುರು, ಹೂವಿಗೆ ಎರಡು ತುಟಿ. ಹಾಗಾದರೆ ಬೇರೆ ಮಾಡುವುದು ಹೇಗೆ? ಆಡುಸೋಗೆ ಎಲೆಯನ್ನು ಕುದಿಸಿ ಹಸಿರು ಬಿಡಿಸಿ ನೋಡಿದರೆ ಕೆಲವು ಕೋಶಗಳಲ್ಲಿ ಉದ್ದನೆಯ ಸುಣ್ಣದ ಗೆರೆಗಳು ಸೌತೆಬೀಜದ ಹಾಗೆ ಚದುರಿರುತ್ತವೆ. ಇದು ಸಿಸ್ಟೋಲಿತ್, ಕ್ಯಾಲ್ಸಿಯಂ ಕಾರ್ಬೊನೇಟಿನ ಗಂಟು. ಹುಳಿ ತಾಗಿಸಿದರೆ ಗುಳ್ಳೆ ಏಳುತ್ತದೆ. ತುಳಸಿಯಲ್ಲಿ ಇದಿಲ್ಲ. ಆಲ, ಗೋಣಿ, ರಬ್ಬರ್ ಗಿಡಗಳ ಎಲೆಯಲ್ಲಿ ಇದೇ ಸುಣ್ಣ ದ್ರಾಕ್ಷಿಗೊಂಚಲಿನ ಹಾಗೆ ತೂಗುತ್ತದೆ. ಆಕಾರ ಬೇರೆ, ಮನೆತನವೂ ಬೇರೆ.

ಈ ಸುಣ್ಣದ ಕಥೆಗೆ ಮುಂಬಯಿಯ ಖಾಡಿಯಲ್ಲಿ, ಅಂದರೆ ಕಡಲ ಹಿನ್ನೀರಿನಲ್ಲಿ, ಒಂದು ಬಾಲವಿದೆ. ಠಾಣೆ ಖಾಡಿಯುದ್ದಕ್ಕೂ ಲೋಕಲ್ ಕಿಟಕಿಯಿಂದ ಕಾಣುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಹೆಚ್ಚಿರುವುದು ಅವಿಸೆನ್ನಿಯಾ ಮರೀನಾ, ಮರಾಠಿಯವರ ತಿವರ್, ನಮ್ಮ ಕರಾವಳಿಯ ಉಪ್ಪಟ್ಟಿ. ಎಲೆಯಲ್ಲಿ ಉಪ್ಪು ಕಾರುವ ಗ್ರಂಥಿಗಳಿವೆ, ನೆಕ್ಕಿದರೆ ಉಪ್ಪೇ. ಇದನ್ನು ಒಮ್ಮೆ ತೇಗದ ಬಳಗಕ್ಕೆ, ಒಮ್ಮೆ ಸ್ವಂತ ಕುಟುಂಬಕ್ಕೆ ಸೇರಿಸಿ ಕೊನೆಗೆ ಡಿಎನ್‌ಎ ನೋಡಿ ಆಡುಸೋಗೆಯ ಕುಟುಂಬಕ್ಕೆ ತಂದರು. ಆದರೆ ಇದರಲ್ಲಿ ಸಿಸ್ಟೋಲಿತ್ ಇಲ್ಲ! ಅದೇ ಕೆಸರಲ್ಲಿ ಬೆಳೆವ ಮುಳ್ಳಿನ ಹೊಳೆಚುಳ್ಳಿಯಲ್ಲೂ ಇಲ್ಲ, ಅದು ಆ ಕುಟುಂಬಕ್ಕೆ ಹೆಸರು ಕೊಟ್ಟ ಅಕ್ಯಾಂತಸ್. ಹಾಗಾದರೆ ಎಲೆ ಸುಳ್ಳು ಹೇಳಿತೇ? ಇಲ್ಲ. ಸಿಸ್ಟೋಲಿತ್ ಇಡೀ ಕುಟುಂಬದ ಗುರುತಲ್ಲ, ಅದರೊಳಗಿನ ಒಂದು ದೊಡ್ಡ ಕವಲಿನ ಗುರುತು ಎಂದು ಗೊತ್ತಾಯಿತು. ಉತ್ತರ ಸರಿಯೇ ಇತ್ತು, ಪ್ರಶ್ನೆಯನ್ನು ದೊಡ್ಡದಾಗಿ ಕೇಳಿದ್ದೆವು.

ಎಲೆಯೊಳಗಿನ ಹರಳನ್ನು ನಾಲಗೆಯಿಂದಲೇ ಕಲಿತವರು ನಾವು ಕರಾವಳಿಯವರು. ಮಳೆಗಾಲದಲ್ಲಿ ಪತ್ರೊಡೆ ಮಾಡುವಾಗ ಕೆಸುವಿನೆಲೆಗೆ ಹುಳಿ ಕಡಿಮೆ ಬಿದ್ದರೆ ಗಂಟಲಿಗೆ ತುರಿಕೆ ಗ್ಯಾರಂಟಿ. ಡೊಂಬಿವಲಿ ಭಾಜಿ ಮಾರುಕಟ್ಟೆಯಲ್ಲಿ ಅಳೂ ಎಲೆ ಮಾರುವ ಬಾಯಿಯೂ "ಚಿಂಚ್ ಘಾಲಾ, ತಾಯಿ" ಎಂದು ಎಚ್ಚರಿಸಿಯೇ ಕೊಡುತ್ತಾಳೆ. ತುರಿಸುವುದು ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳು, ಹೆಸರು ರಾಫೈಡ್. ಒಂದೊಂದು ಕೋಶದಲ್ಲೂ ಬೆಂಕಿಪೊಟ್ಟಣದ ಕಡ್ಡಿಯ ಹಾಗೆ ಕಟ್ಟುಕಟ್ಟಾಗಿ ತುಂಬಿರುತ್ತವೆ. ಕೆಸು, ಸುವರ್ಣಗಡ್ಡೆಯ ಕುಟುಂಬಕ್ಕೆ ಇದು ಮನೆಯ ಮುದ್ರೆ.

ಈ ಸೂಜಿಗಳು ವರ್ಗೀಕರಣದಲ್ಲಿ ಮಾಡಿದ ದೊಡ್ಡ ಕೆಲಸ ಕಾಫಿ ಕುಟುಂಬದ್ದು. ಕಾಫಿ, ಕೇಪಳ, ಮಂಜಿಷ್ಠ, ನೋನಿ ಎಲ್ಲ ಸೇರಿದ ರೂಬಿಯೇಸಿಯೇ ಸಾವಿರಾರು ಪ್ರಭೇದಗಳ ಮಹಾ ಕುಟುಂಬ. ಹಳಬರು ಅದನ್ನು ಹಣ್ಣಿನೊಳಗಿನ ಬೀಜದ ಲೆಕ್ಕ ಹಿಡಿದು ಎರಡು ಭಾಗ ಮಾಡಿದ್ದರು. ಡಚ್ ವಿಜ್ಞಾನಿ ಬ್ರೆಮೆಕಾಂಪ್ 1950, 60ರ ದಶಕಗಳಲ್ಲಿ ಆ ಲೆಕ್ಕ ಬದಿಗಿಟ್ಟು, ಬೇರೆ ಗುಣಗಳ ಜೊತೆ ಎಲೆ, ಕಾಂಡದಲ್ಲಿ ರಾಫೈಡ್ ಇದೆಯೇ ಎಂದು ನೋಡಿದರು. ಮಂಜಿಷ್ಠ, ನೋನಿಯಲ್ಲಿ ಇದೆ. ಕಾಫಿ, ಕೇಪಳದಲ್ಲಿ ಇಲ್ಲ. ಬೀಜದ ಲೆಕ್ಕದಲ್ಲಿ ಪಕ್ಕಪಕ್ಕ ಕೂತಿದ್ದ ಎಷ್ಟೋ ಗಿಡಗಳು ಬೇರೆಯಾದವು. ಮುಂದೆ ಡಿಎನ್‌ಎ ಬಂದಾಗ ರಾಫೈಡ್ ಇರುವವು ಒಂದೇ ಕವಲಿನವು ಎಂಬ ಮಾತಿಗೆ ಬಹುಮಟ್ಟಿಗೆ ಮುದ್ರೆ ಬಿತ್ತು. ಒಂದು ಹರಳು ಇಡೀ ವಂಶಾವಳಿ ತಿದ್ದಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹುಲ್ಲಿನ ವಿಚಾರದಲ್ಲಂತೂ ಎಲೆ ಇಲ್ಲದೆ ಗತಿಯಿಲ್ಲ. 11,000ಕ್ಕೂ ಹೆಚ್ಚು ಪ್ರಭೇದಗಳು, ಹೂವು ಬರಿಗಣ್ಣಿಗೆ ಹೊಟ್ಟಿನಂತೆ ಕಾಣುತ್ತದೆ. 1930ರ ದಶಕದಲ್ಲಿ ಫ್ರಾನ್ಸಿನ ಆನ್ರಿ ಪ್ರಾ ಹುಲ್ಲಿನೆಲೆಯ ಚರ್ಮವನ್ನೇ ಹಿಡಿದು ಉಪಕುಟುಂಬಗಳನ್ನು ಪುನಃ ಜೋಡಿಸಲು ಹೊರಟ. ಜೋಳದ ಹೊಲದಲ್ಲಿ ನಡೆದವರಿಗೆ ಗೊತ್ತು, ರವದಿ ತಾಗಿದರೆ ಮುಂಗೈ ಗೀರುತ್ತದೆ. ಎಲೆಯಂಚಿನ ಗರಗಸಕ್ಕೆ ಗಡಸು ಕೊಡುವುದು ಸಿಲಿಕಾ, ಅಂದರೆ ಮರಳಿನ ಅಂಶ. ಅದೇ ಸಿಲಿಕಾ ಎಲೆಯ ಚರ್ಮದಲ್ಲಿ ಅಚ್ಚು ಹಾಕಿದ ಹಾಗೆ ಕೂತಿರುತ್ತದೆ. ಜೋಳ, ಮುಸುಕಿನ ಜೋಳ, ಕಬ್ಬಿನಲ್ಲಿ ಅದು ವ್ಯಾಯಾಮದ ಡಂಬೆಲ್ ಆಕಾರ, ರಾಗಿಯಲ್ಲಿ ಕುದುರೆಯ ಜೀನಿನ ಆಕಾರ. ಎಲೆ ಸುಟ್ಟು ಬೂದಿಯಾದರೂ, ಸಾವಿರಾರು ವರ್ಷ ಮಣ್ಣಲ್ಲಿ ಹೂತಿದ್ದರೂ ಅಚ್ಚು ಅಳಿಯುವುದಿಲ್ಲ. ಹಳೆಯ ನೆಲೆಗಳಲ್ಲಿ ಜನ ಯಾವ ಬೆಳೆ ಬೆಳೆಯುತ್ತಿದ್ದರು ಎಂದು ಪುರಾತತ್ವದವರು ಕೇಳುವುದು ಈ ಕಣಗಳನ್ನೇ.

ಈಗ ಎಲೆ ಮೋಸ ಮಾಡುವ ಕಡೆಗೆ ಬರೋಣ. ಸಸ್ಯಶಾಸ್ತ್ರ ಓದಿದವರೆಲ್ಲ ಪ್ರಾಕ್ಟಿಕಲ್ಸ್‌ನಲ್ಲಿ ಕಣಗಿಲೆ ಎಲೆ ಕೊಯ್ದವರೇ. ಗಜ್ಜರಿ ತುಂಡು ಸೀಳಿ ಅದರ ಸಂದಿಯಲ್ಲಿ ಎಲೆಯಿಟ್ಟು ಹೊಸ ಬ್ಲೇಡಿನಲ್ಲಿ ಹೊಗೆಯಷ್ಟು ತೆಳ್ಳಗೆ ಕೊಯ್ಯಬೇಕು. ಹತ್ತರಲ್ಲಿ ಒಂದು ಸರಿ ಬರುತ್ತದೆ, ಒಂದು ಬೆರಳಿಗೆ ಬರುತ್ತದೆ. ಮೈಕ್ರೋಸ್ಕೋಪಿನಡಿ ಚರ್ಮದ ಎರಡು ಮೂರು ಪದರ, ಕೆಳಗೆ ರೋಮ ತುಂಬಿದ ಗುಳಿಗಳು, ಗುಳಿಯೊಳಗೆ ಅಡಗಿದ ಪತ್ರರಂಧ್ರ. "ಒಣಭೂಮಿಯ ಹೊಂದಾಣಿಕೆ" ಎಂದು ಬರೆದರೆ ಅಂಕ. ಅದು ಸರಿಯೇ, ಅದಕ್ಕಾಗಿಯೇ ವರ್ಗೀಕರಣಕ್ಕೆ ಅದು ಕೆಲಸಕ್ಕೆ ಬಾರದು. ನೀರು ಉಳಿಸುವ ಉಪಾಯ ಯಾವ ಕುಟುಂಬದವರೂ ಕಲಿಯಬಹುದು. ಅದೇ ಎಲೆಯ ನರದೊಳಗೆ ಹಾಲು ಹರಿಯುವ ನಳಿಗೆಗಳಿರುತ್ತವೆ, ಪರೀಕ್ಷೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ವಂಶದ ಮಾತು ಅದರಲ್ಲಿದೆ. ಕಣಗಿಲೆ, ಎಕ್ಕ, ಮುಂಬಯಿ ಪುಣೆಯ ಬೀದಿಗಳಲ್ಲಿ ಅಕ್ಟೋಬರಿನಲ್ಲಿ ತಲೆನೋವು ತರಿಸುವ ಸಪ್ತಪರ್ಣಿ, ಮೂರಕ್ಕೂ ಹಾಲಿದೆ. ಬೆಂಥಮ್, ಹೂಕರ್ ಎಕ್ಕವನ್ನು ಬೇರೆ ಕುಟುಂಬದಲ್ಲಿಟ್ಟಿದ್ದರು, ಇವತ್ತಿನ ಡಿಎನ್‌ಎ ಪದ್ಧತಿಯಲ್ಲಿ ಮೂರೂ ಒಂದೇ ಮನೆ.

ಜೋಳದ ಎಲೆಯನ್ನು ಅಡ್ಡ ಕೊಯ್ದರೆ ನರದ ಸುತ್ತ ದೊಡ್ಡ ಹಸಿರು ಕೋಶಗಳ ಮಾಲೆ ಕಾಣುತ್ತದೆ. ಜರ್ಮನ್ನರು ಇದಕ್ಕೆ ಕ್ರಾಂಝ್, ಎಂದರೆ ಹಾರ, ಎಂದರು. ಗೋಧಿಯಲ್ಲಿ ಈ ಹಾರವಿಲ್ಲ, ಭತ್ತದಲ್ಲೂ ಇಲ್ಲ. ಬಿಸಿಲ ನಾಡಲ್ಲಿ ದ್ಯುತಿಸಂಶ್ಲೇಷಣೆ ಸಲೀಸು ಮಾಡುವ ಏರ್ಪಾಡು ಇದು. ಹಾರ ಇರುವುದೆಲ್ಲ ನೆಂಟರು ಎಂದುಕೊಂಡರೆ ಕೆಟ್ಟಿರಿ, ಹರಿವೆ ಸೊಪ್ಪಿನಲ್ಲೂ ಅದಿದೆ. ಈ ಬಗೆಯ ದ್ಯುತಿಸಂಶ್ಲೇಷಣೆ ಸಸ್ಯಲೋಕದಲ್ಲಿ 60ಕ್ಕೂ ಹೆಚ್ಚು ಸಲ ಬೇರೆಬೇರೆಯಾಗಿ ಹುಟ್ಟಿದೆ ಎಂಬುದು ಈಗಿನ ಲೆಕ್ಕ.

ಪತ್ರರಂಧ್ರಗಳ ಸಂಖ್ಯೆಯೂ ಹಾಗೆಯೇ, ಬೆಳಕು, ನೀರು, ಗಾಳಿ ನೋಡಿಕೊಂಡು ಏರಿಳಿಯುತ್ತದೆ. ವರ್ಗೀಕರಣದವರಿಗೆ ತಲೆನೋವಾದ ಈ ಚಂಚಲತೆ ಹವಾಮಾನದವರಿಗೆ ವರವಾಯಿತು. 1987ರಲ್ಲಿ ಇಂಗ್ಲೆಂಡಿನ ವುಡ್‌ವರ್ಡ್ ಹರ್ಬೇರಿಯಂನಲ್ಲಿದ್ದ ಎಲೆಗಳನ್ನು ನೋಡಿ, 200 ವರ್ಷಗಳಲ್ಲಿ ಪತ್ರರಂಧ್ರಗಳ ದಟ್ಟಣೆ ಸುಮಾರು ಶೇಕಡ 40ರಷ್ಟು ಇಳಿದಿದೆ ಎಂದು ತೋರಿಸಿದರು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಂತೆ ಎಲೆ ಮೂಗು ಕಡಿಮೆ ಮಾಡಿಕೊಂಡಿತ್ತು. ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನ ಬ್ಲಾಟರ್ ಹರ್ಬೇರಿಯಂ 1906ರದ್ದು, ಪುಣೆಯ ಭಾರತೀಯ ಸಸ್ಯ ಸರ್ವೇಕ್ಷಣಾಲಯದ ಪಶ್ಚಿಮ ಕೇಂದ್ರ 1955ರದ್ದು. ಅಲ್ಲಿ ಕಾಗದಕ್ಕಂಟಿಕೊಂಡ ಸಹ್ಯಾದ್ರಿಯ ಎಲೆಗಳಲ್ಲಿ ಅಂಥ ಲೆಕ್ಕ ಎಷ್ಟಿದೆಯೋ. ಹೆಸರು ಬರೆದಿಟ್ಟವರು ಹೆಸರಿಗಾಗಿ ಮಾತ್ರ ಇಟ್ಟಿದ್ದರು.

ಇಷ್ಟೆಲ್ಲ ಶಾಸ್ತ್ರ ಇವತ್ತು ಯಾಕೆ ಎಂದರೆ ಅಮೃತಬಳ್ಳಿಯ ಪ್ರಕರಣ ನೆನಪಿಸಿಕೊಳ್ಳಿ. ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗೆಂದು ಊರಿಗೂರೇ ಅದರ ಕಷಾಯ ಕುಡಿಯಿತು. 2021ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿ ಸೇವಿಸಿದ ಆರು ರೋಗಿಗಳಲ್ಲಿ ಯಕೃತ್ತಿಗೆ ಪೆಟ್ಟಾಗಿದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಇದು ದಾರಿ ತಪ್ಪಿಸುವ ವರದಿ ಎಂದಿತು. ರೋಗಿಗಳು ಸೇವಿಸಿದ್ದು ನಿಜವಾದ ಅಮೃತಬಳ್ಳಿ, ಅಂದರೆ ಟಿನೋಸ್ಪೋರಾ ಕಾರ್ಡಿಫೋಲಿಯಾವೇ ಎಂದು ಪರೀಕ್ಷಿಸಿಲ್ಲ, ಟಿನೋಸ್ಪೋರಾ ಕ್ರಿಸ್ಪಾದಂಥ ಬೇರೆ ಬಳ್ಳಿ ಆಗಿರಬಹುದು ಎಂಬುದು ಅದರ ಆಕ್ಷೇಪ. 2022ರಲ್ಲಿ ದೇಶದ 13 ಕೇಂದ್ರಗಳಿಂದ 43 ರೋಗಿಗಳ ಇನ್ನೊಂದು ವರದಿ ಬಂತು. ಎರಡು ಬಳ್ಳಿಗಳ ವ್ಯತ್ಯಾಸವನ್ನು ಸಚಿವಾಲಯವೂ ಪಟ್ಟಿ ಮಾಡಿ ಕೊಟ್ಟಿತು: ಕಾಂಡದ ಮೇಲೆ ಗಂಟು ಇದೆಯೇ, ಹಾಲು ಬರುತ್ತದೆಯೇ, ದಳ ಆರೋ ಮೂರೋ, ಹಣ್ಣು ಗುಂಡಗೋ ಉದ್ದಕ್ಕೋ. ಪಟ್ಟಿ ಚೆನ್ನಾಗಿದೆ. ಆದರೆ ಗೋಡೆಯಾಚೆಯಿಂದ ನಾಲ್ಕು ಎಲೆ ಕಿತ್ತು ಕುದಿಸಿದವರ ಕೈಯಲ್ಲಿ ದಳವೂ ಇರಲಿಲ್ಲ, ಹಣ್ಣೂ ಇರಲಿಲ್ಲ. ಹೃದಯದ ಆಕಾರದ ಎಲೆ ಎರಡರದ್ದೂ ಹೌದು.

ಕಷಾಯವೇ ಕಾರಣವೋ ಗುರುತು ತಪ್ಪಿದ್ದೋ ಎಂಬ ಜಗಳದಲ್ಲಿ ನಾನು ತಲೆಹಾಕುವುದಿಲ್ಲ, ಅದು ವೈದ್ಯರ ಕೆಲಸ. ಆದರೆ "ಯಾವ ಗಿಡ?" ಎಂಬ ಪ್ರಶ್ನೆಗೆ ಮೊದಲ ದಿನವೇ ಉತ್ತರ ಸಿಗಬಹುದಿತ್ತು. ರೋಗಿಯ ಮನೆಯ ಡಬ್ಬಿಯಲ್ಲಿ ಉಳಿದ ಒಂದು ಎಲೆ, ಒಂದು ಕಡ್ಡಿ ತರಿಸಿ, ಗುರುತು ಬಲ್ಲವರ ಮೈಕ್ರೋಸ್ಕೋಪಿನಡಿ ಇಟ್ಟಿದ್ದರೆ. ಆಸ್ಪತ್ರೆಗೆ ಹೋಗುವಾಗ ಮಾತ್ರೆಯ ಚೀಟಿ ಒಯ್ಯುವ ನಾವು ಸೊಪ್ಪನ್ನು ಒಯ್ಯುವುದಿಲ್ಲ.

"ಡಿಎನ್‌ಎ ಇರುವಾಗ ಈ ಓಬೀರಾಯನ ಕಾಲದ ಕೆಲಸ ಏಕೆ?" ಎಂದು ಕೇಳುವವರಿಗೆ ಅಶ್ವಗಂಧ, ನಮ್ಮ ಹಿರೇಮದ್ದು, ಉತ್ತರ ಕೊಡುತ್ತದೆ. ಔಷಧಿಗೆ ಪಾರಂಪರಿಕವಾಗಿ ಬಳಸುವುದು ಬೇರು. ಬೇರು ಅಗೆದರೆ ಗಿಡ ಹೋಯಿತು, ಎಲೆ ಪುಕ್ಕಟೆ, ಜೊತೆಗೆ ಎಲೆಯಲ್ಲೂ ವಿಥಾಫೆರಿನ್‌ನಂಥ ಅಂಶಗಳು ಹೇರಳ. ಹಾಗಾಗಿ ಬೇರಿನ ಪುಡಿಗೆ ಎಲೆ ಬೆರೆಸುವ ಆಸೆ ಹುಟ್ಟುತ್ತದೆ. 2021ರ ಅಕ್ಟೋಬರಿನಲ್ಲಿ ಆಯುಷ್ ಸಚಿವಾಲಯ ಅಶ್ವಗಂಧದ ಎಲೆ ಬಳಸಬೇಡಿ ಎಂದು ತಯಾರಕರಿಗೆ ಸೂಚನೆ ಕೊಟ್ಟಿತು. ಈಗ ಪುಡಿಯ ಡಿಎನ್‌ಎ ಪರೀಕ್ಷೆ ಮಾಡಿಸಿ. "ಅಶ್ವಗಂಧ, ಶುದ್ಧ" ಎಂದೇ ಬರುತ್ತದೆ, ಬೇರಿಗೂ ಎಲೆಗೂ ಡಿಎನ್‌ಎ ಒಂದೇ ತಾನೆ! ಅದೇ ಪುಡಿಯ ಚಿಟಿಕೆಯನ್ನು ಮೈಕ್ರೋಸ್ಕೋಪಿನಡಿ ಹರಡಿದರೆ ಕತೆ ಬೇರೆ. ಬೇರಿಗೆ ಪತ್ರರಂಧ್ರ ಇರುವುದಿಲ್ಲ, ಪಿಷ್ಟದ ಕಣಗಳಿರುತ್ತವೆ. ಪತ್ರರಂಧ್ರವಿರುವ ಚರ್ಮದ ಚೂರು, ಸಾಲುಗಂಬದಂಥ ಹಸಿರು ಕೋಶ, ಕೊಂಬೆಯೊಡೆದ ರೋಮ ಕಂಡರೆ ಎಲೆ ಬೆರೆತಿದೆ ಎಂದೇ ಲೆಕ್ಕ. ಒಣಗಿಸಿ, ಕುದಿಸಿ, ರುಬ್ಬಿದ ಪದಾರ್ಥದಲ್ಲಿ ಡಿಎನ್‌ಎ ಹಾಳಾಗಿರುವುದೂ ಉಂಟು. ಹರಳು, ರೋಮ, ರಂಧ್ರಗಳು ಗಿರಣಿಯಿಂದಲೂ ಬದುಕಿ ಬರುತ್ತವೆ. ಧತ್ತೂರಿ ಎಲೆಯಲ್ಲಿ ಹರಳು ನಕ್ಷತ್ರದ ಗೊಂಚಲು, ಬೆಲ್ಲಡೋನಾದಲ್ಲಿ ಮರಳಿನ ಹಾಗೆ, ಖುರಾಸಾನಿ ಅಜವಾನದಲ್ಲಿ ಪಟ್ಟಕದ ಹಾಗೆ. ಒಂದೇ ಕುಟುಂಬದ ಮೂರು ವಿಷಗಿಡಗಳು, ಮೂರು ಸಹಿ.

ಫೋನಿನ ಆ್ಯಪ್‌ಗಳದ್ದು ಇದಕ್ಕಿಂತ ಸರಳ ಸಮಸ್ಯೆ. ಅವು ನೋಡುವುದು ಫೋಟೋ, ಅಂದರೆ ಎಲೆಯ ಹೊರಗು. ಗಿಡ ನಿಂತಲ್ಲಿ, ಹೂವಿದ್ದಾಗ ಚೆನ್ನಾಗಿ ಹೇಳುತ್ತವೆ. ದಾದರ್‌ನ ಸಿವುಡಿನಿಂದ ಒಂದೆಲೆ ಎತ್ತಿ ತೋರಿಸಿದೆ, ನನ್ನ ಫೋನು ಮೂರು ಸಲಕ್ಕೆ ಮೂರು ಬೌಹಿನಿಯಾ ಹೇಳಿತು.

ಹಾಗಾದರೆ ಈ ವಿದ್ಯೆ ಯಾರ ಬಳಿ ಇದೆ? ಔಷಧಿಗಳ ಗುಣಮಟ್ಟ ಹೇಳುವ ಆಯುರ್ವೇದ ಫಾರ್ಮಾಕೋಪಿಯ ಎಂಬ ಗ್ರಂಥದಲ್ಲಿ ಸೂಕ್ಷ್ಮದರ್ಶಕದ ಲಕ್ಷಣಗಳನ್ನು ಬರೆದಿಟ್ಟಿದ್ದಾರೆ, ಫಾರ್ಮಸಿ ಓದುವ ಮಕ್ಕಳಿಗೆ ಪಾಠವೂ ಇದೆ. ಪಾಠ ನಡೆಯುವ ಚಂದ ಮಾತ್ರ ನನಗೆ ಗೊತ್ತು. ನಾನು ಓದಿದ ಕಾಲೇಜಿನಲ್ಲಿ ಒಂದೇ ಶಾಶ್ವತ ಸ್ಲೈಡು, ಅಂಚು ಒಡೆದದ್ದು, ಕ್ಲಾಸಿನವರೆಲ್ಲ ಸಾಲಾಗಿ ನಿಂತು ಇಣುಕುತ್ತಿದ್ದೆವು. ನನ್ನ ಸರದಿ ಬರುವಷ್ಟರಲ್ಲಿ ಯಾರೋ ತಿರುಪು ತಿರುಗಿಸಿ ಮಸುಕಾಗಿರುತ್ತಿತ್ತು. ಸೀನಿಯರ್ ಜರ್ನಲ್ಲಿನಿಂದ ಚಿತ್ರ ಇಳಿಸಿ ಸಹಿ ಹಾಕಿಸಿಕೊಂಡೆ. ಕಾಫಿ ಎಲೆಯ ಆ ಅಕ್ಕಪಕ್ಕದ ಕೋಶಗಳನ್ನು ನನ್ನ ಕಣ್ಣಿಂದ ಕಂಡದ್ದು ಡಿಗ್ರಿ ಮುಗಿದು ಎಷ್ಟೋ ವರ್ಷದ ಮೇಲೆ, ಚಿಕ್ಕಮಗಳೂರಿಂದ ಯಾರೋ ತಂದ ಕೊಂಬೆಯಲ್ಲಿ, ಡೊಂಬಿವಲಿಯ ಡೈನಿಂಗ್ ಟೇಬಲ್ ಮೇಲೆ.

ಅದೇ ಟೇಬಲ್ಲಿನ ಮೇಲೆ ಕಳೆದ ದಸರೆಗೆ ಎರಡು ಎಲೆಗಳ ಅಚ್ಚು ತೆಗೆದೆವು. ಒಂದು ದಾದರ್‌ನದ್ದು. ಇನ್ನೊಂದು ನಿಜವಾದ ಆಪ್ಟಾ, ಪುಣೆಯ ಪರಿಚಯದವರ ಅಂಗಳದ ಮರದಿಂದ ತರಿಸಿಕೊಂಡದ್ದು. ಅದರ ಹಿಂಬದಿಯಲ್ಲಿ ರೋಮ ಎಷ್ಟಿತ್ತೆಂದರೆ ನೇಲ್ ಪಾಲಿಶ್ ಸರಿಯಾಗಿ ಕೂರಲಿಲ್ಲ, ಅಚ್ಚು ಎದ್ದುಬರುವಾಗ ರೋಮವನ್ನೂ ಕಿತ್ತುಕೊಂಡು ಬಂತು. ಅಜ್ಜಿ ಫೋಲ್ಡ್‌ಸ್ಕೋಪಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. "ಕಂಬಳಿ ಹೊದ್ದಂಗ ಐತಲ್ಲ" ಅಂದರು.

ಖುಷಿಯಲ್ಲಿ ನಾನು, ಮುಂದಿನ ವರ್ಷ ಕಟ್ಟಡದವರಿಗೆಲ್ಲ ಅಸಲಿ ಆಪ್ಟಾ ಗುರುತು ಹಿಡಿಯುವುದು ಕಲಿಸೋಣ ಅಂದೆ. ಅಜ್ಜಿ ಕಣ್ಣು ತೆಗೆಯದೆ ಕೇಳಿದರು, "ಎಲ್ಲಾರೂ ಅಸಲಿನ ಬೇಕಂದ್ರ, ಆ ಗಿಡಕ್ಕ ಎಲಿ ಉಳಿತಾವೇನು?"

ಉತ್ತರ ಹೊಳೆಯಲಿಲ್ಲ. ಪ್ರತಿ ದಸರೆಗೂ ಕಾಡಂಚಿನ ಆಪ್ಟಾ ಕೊಂಬೆಗಳು ಕೊಡಲಿಗೆ ಸಿಗುತ್ತವೆ ಎಂಬ ದೂರು ನಾನೇ ಎಷ್ಟೋ ಸಲ ಬರೆದಿದ್ದೇನೆ. ರಸ್ತೆಬದಿಯ ಕಾಂಚನವನ್ನು ಆಪ್ಟಾ ಎಂದು ಮಾರುವವನು, ಗೊತ್ತಿದ್ದೋ ಗೊತ್ತಿಲ್ಲದೆಯೋ, ಒಂದಿಷ್ಟು ಆಪ್ಟಾ ಮರಗಳ ತಲೆ ಕಾಯುತ್ತಿದ್ದಾನೆ. ಅಜ್ಜಿ ದಾದರ್‌ನ ಎಲೆಯನ್ನೇ ನನ್ನ ಕೈಗಿಟ್ಟು, ಬಂಗಾರದ್ಹಂಗ ಇರೋಣು ಅಂದು ಮನೆಗೆ ಹೋದರು.